ಬಲಗಡೆಯ ಚೌಕಟ್ಟು

ಉತ್ತಮಪಾಳಯಂ
3 ಸೆಪ್ಟೆಂಬರ್ 1998, ಮಧ್ಯಾಹ್ನ, ಸ್ಟುಡಿಯೋದಿಂದ

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಸತ್ಯಕ್ಕನ ಮನೆಯ ಮೆಟ್ಟಿಲು ಬಲು ಕಡಿದು, ನೋಡಿಕೊಂಡು ಹತ್ತು. ಮಗುವಿಗೆ ಕೆಮ್ಮು ನಿಂತಿತೇ? ಅಕ್ಕ ಇದನ್ನು ನಿನಗೆ ಓದಿ ಹೇಳುವಾಗ ಯಾವ ಸಾಲನ್ನೂ ನುಂಗದಿರಲಿ.

ಹದಿಮೂರಕ್ಕೆ ಸೆಂದಿಲಣ್ಣನ ಮದುವೆ. ಬಾಗಿಲಿಗೆ ಕಟ್ಟುವ ಬಾಳೆಕಂದು ನಮ್ಮ ತೋಟದ್ದೇ. ನೀನು ಮಾತ್ರ ಮಗುವಿನ ನೆಪ ಹೇಳಿ ಚಿನ್ನಾಳಪಟ್ಟಿಯ ಅಕ್ಕನ ಮನೆಯಲ್ಲಿ ಕೂತಿದ್ದೀಯ. ಕಾರಣ ಮಗುವಲ್ಲ, ಕಮಲಮ್ಮಾಳ್ ಅತ್ತೆ ಎಂದು ನನಗೆ ಗೊತ್ತು. ಅಪ್ಪ ಹೋದ ಮೇಲೆ ಅಪ್ಪನ ತಂಗಿಯೇ ಈ ಮನೆಗೆ ಯಜಮಾನಿ. "ತಾಲಿ ಕಟ್ಟೋ ಹೊತ್ಗೆ ನೀ ಎದುರ್ಗೆ ನಿಲ್ಬ್ಯಾಡ ಅತ್ತಿಗೆ, ಸಮಯಲ್ ಕಡೆ ನೋಡ್ಕೋ, ಅದೂ ಕಲ್ಯಾಣದ ಕೆಲ್ಸ ತಾನೇ" ಎಂದಳಂತೆ. ಅಡುಗೆಮನೆಗೆ ಹೋಗುವ ಬದಲು ನೀನು ಬಸ್ಸು ಹತ್ತಿದೆ. ಅಷ್ಟು ಮಾಡಿದ್ದು ನನಗೆ ಹೆಮ್ಮೆಯೇ, ಆದರೆ ಅದು ಸಾಲದು. ಅಣ್ಣನನ್ನು ಕೇಳಿದರೆ, "ಅವ್ವಂಗೆ ಎಂಗಿಷ್ಟವೋ ಅಂಗೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ವಿಡಿಯೋ ನಮ್ಮ ಸ್ಟುಡಿಯೋದ್ದೇ. ಮಿಕ್ಸರ್ ಮುಂದೆ ಕೂರುವವಳು ನಾನೇ. ಕ್ಯಾಮೆರಾಗಳ ಚಿತ್ರವೆಲ್ಲ ಆ ಪೆಟ್ಟಿಗೆಗೆ ಬರುತ್ತದೆ. ಅದರಲ್ಲಿ ನಾನು ಆರಿಸಿದ್ದು ಟೇಪಿಗೂ, ಊಟದ ಹಾಲಿನ ಟಿವಿಗಳಿಗೂ ಆ ಕ್ಷಣವೇ ಹೋಗುತ್ತದೆ. ಗಟ್ಟಿಮೇಳ ಶುರುವಾದೊಡನೆ ಹುಡುಗನ ಅಪ್ಪ ಅವ್ವ ಎರಡು ಪುಟ್ಟ ಚೌಕಟ್ಟುಗಳಲ್ಲಿ ಎಡದಿಂದಲೂ ಬಲದಿಂದಲೂ ತೇಲಿ ಬಂದು ಅವನ ತಲೆಯ ಮೇಲೆ ನಿಲ್ಲಬೇಕು. ಈಗ ಈ ಕಣಿವೆಯ ಮದುವೆಗಳಲ್ಲಿ ಇದು ಅಕ್ಷತೆಯಷ್ಟೇ ಕಡ್ಡಾಯ. ಅದನ್ನು ಮೊದಲೇ ಕಲಿಸಿಡಬೇಕು. ಚೌಕಟ್ಟು ಎಲ್ಲಿಂದ ಹೊರಡಬೇಕು, ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಒಂದೊಂದು ಜಾಗವನ್ನೂ ತೋರಿಸಿ ನೆನಪಿಗೆ ಹಾಕುತ್ತೇನೆ. ಆ ಜಾಗಗಳಿಗೆ ಕೀಫ್ರೇಮ್ ಎನ್ನುತ್ತಾರೆ. ನಡುವಿನ ದಾರಿಯನ್ನು ಯಂತ್ರವೇ ಹುಡುಕಿಕೊಳ್ಳುತ್ತದೆ. ನೀನು ತೋಟಕ್ಕೆ ನೀರು ಕಟ್ಟುವಾಗ ಎಲ್ಲಿ ಒಡೆಯಬೇಕು, ಎಲ್ಲಿ ಮುಚ್ಚಬೇಕು ಎಂದಷ್ಟೇ ನೋಡುತ್ತಿದ್ದೆಯಲ್ಲ, ಹಾಗೆ.

ಎಡಗಡೆಗೆ ಅಪ್ಪನ ಫೋಟೋ ಹಾಕಿದ್ದಾಯಿತು, ಬಲಗಡೆ ಯಾರು ಎಂದು ಸ್ಟುಡಿಯೋದ ಜೆಯಕುಮಾರ್ ಅಣ್ಣನನ್ನು ಕೇಳಿದೆ. "ಎರ್ಡು ಕಡೆಗೂ ಅಪ್ಪನ ಫೋಟೋನೇ ಹಾಕು ಪಾಪಾ, ಯಾರ್ ಕೇಳ್ತಾರೆ!" ಎಂದರು. ಹಾರ ಹಾಕಿದ ಒಂದೇ ಫೋಟೋ ಎರಡು ಕಡೆಯಿಂದ ಹಾರಿ ಬಂದು ತನ್ನನ್ನು ತಾನೇ ನೋಡಿಕೊಳ್ಳಬೇಕಂತೆ. ನಮ್ಮಪ್ಪ ಒಬ್ಬನೇ ಅಣ್ಣನನ್ನು ಹೆತ್ತನೇ? ಆಗುವುದಿಲ್ಲ ಎಂದೆ. "ಸರಿ, ಉನ್ ಇಷ್ಟಂ" ಎಂದು ಟೀ ಕುಡಿಯಲು ಹೋದರು. ನಿನ್ನೆ ಆ ಚೌಕಟ್ಟನ್ನು ಪರೀಕ್ಷೆ ಮಾಡಿದೆ. ಎದುರಿಗೆ ಯಾರೂ ಇರಲಿಲ್ಲವೆಂದು ಕ್ಯಾಮೆರಾದ ಮಾಯಾಂಡಿ ಅದನ್ನು ಒಂದು ಪ್ಲಾಸ್ಟಿಕ್ ಕುರ್ಚಿಯತ್ತಲೇ ತಿರುಗಿಸಿದ. ಕೆಂಪು ಕುರ್ಚಿ ಗಿರ್ರನೆ ಬಂದು ಟಿವಿಯ ನೆತ್ತಿಯಲ್ಲಿ ನಿಂತಾಗ ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ರಷ್ಯದ ಕಾದಂಬರಿಯೊಂದರ ಅನುವಾದ ಓದಿ ಹೇಳಿದ್ದೆನಲ್ಲ, ಗಂಡ ಸತ್ತ ತಾಯಿಯೇ ಮುಂದೆ ನಿಂತು ಮಗನನ್ನು ಹರಸುವುದು? "ಅವ್ರ ಊರು ಬ್ಯಾರೆ ಕಣೇ" ಎಂದು ನೀನು ಸೊಪ್ಪು ಬಿಡಿಸುತ್ತಲೇ ಇದ್ದೆ. ಊರು ಬೇರೆ ಇರಬಹುದು, ಅವ್ವ ಬೇರೆಯಲ್ಲ.

ಅಕ್ಕ, ಬಾವನಿಗೆ ನಮಸ್ಕಾರ. ಮಗುವಿನ ಕೆನ್ನೆಗೆ ಒಂದು ಮುತ್ತು.

ನಿನ್ನ
ಅಭಿರಾಮಿ

ತಾ.ಕ.: ಅಂಚೆಯವನು ಬಂದ, ಬೇಗ ಬರೆಯುತ್ತೇನೆ. ಬಲಗಡೆಗೆ ಯಾವ ಫೋಟೋವನ್ನೂ ಹಾಕಿಲ್ಲ, ಮಾಯಾಂಡಿಯ ಕ್ಯಾಮೆರಾವನ್ನೇ ಸೇರಿಸಿದ್ದೇನೆ. ಅದು ಮುಂದಿನ ಸಾಲಿನ ಒಂದೇ ಕುರ್ಚಿಯನ್ನು ನೋಡುತ್ತಿರುತ್ತದೆ. ಅದರಲ್ಲಿ ಅತ್ತೆಯನ್ನೂ ಕೂರಿಸುವುದಿಲ್ಲ, ಯಾರನ್ನೂ ಕೂರಿಸುವುದಿಲ್ಲ. ಗಟ್ಟಿಮೇಳ ಶುರುವಾದೊಡನೆ ಗುಂಡಿ ಒತ್ತುತ್ತೇನೆ. ನೀನು ಬಂದಿದ್ದರೆ ನೀನು. ಬರದಿದ್ದರೆ ಖಾಲಿ ಕುರ್ಚಿಯೇ ಅಣ್ಣನ ತಲೆಯ ಮೇಲೆ ನಿಲ್ಲುತ್ತದೆ, ಊಟಕ್ಕೆ ಕೂತವರೆಲ್ಲ ನೋಡಲಿ.