ನಮ್ಮಪ್ಪ ಕುರಿ ಎಣಿಸಿದ ದಿನ

ಬುದ್ಧಿ ಸಾಮರ್ಥ್ಯ ಮೌಲ್ಯಮಾಪನ ಕೇಂದ್ರದ ಮುಖ್ಯಾಧಿಕಾರಿಗಳೇ,

ನಮ್ಮ ತಂದೆ ಸಣ್ಣಪ್ಪನವರಿಗೆ ಬುದ್ಧಿ ಇಲ್ಲವೆಂದು ತಮ್ಮ ಕೇಂದ್ರದ ಕೃತಕ ಬುದ್ಧಿಮತ್ತೆ ಹನ್ನೊಂದು ನಿಮಿಷದಲ್ಲಿ ತೀರ್ಮಾನಿಸಿದೆ. ಪ್ರಮಾಣಪತ್ರ ನನ್ನ ಮುಂದಿದೆ. 'ಸ್ವತಂತ್ರ ನಿರ್ಧಾರ ಸಾಮರ್ಥ್ಯ: ಇಲ್ಲ' ಎಂದು ಅಚ್ಚಾಗಿದೆ. ಅವರ ಪರವಾಗಿ ನಿರ್ಧರಿಸುವವರು ಎಂಬಲ್ಲಿ ನನ್ನ ಹೆಸರಿದೆ. ಅದರ ಆಧಾರದ ಮೇಲೆ ಅವರ ಕುರಿಗಾಹಿ ಗುರುತಿನ ಚೀಟಿ ರದ್ದಾಗಿದೆ. ಚೀಟಿ ಇಲ್ಲದವರು ಸರ್ಕಾರಿ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುವಂತಿಲ್ಲ. ಆದ್ದರಿಂದ ಈ ತಿಂಗಳ ಕೊನೆಯೊಳಗೆ ಹಿಂಡನ್ನು ಚೀಟಿ ಇರುವ ಬೇರೆಯವರಿಗೆ ಒಪ್ಪಿಸಬೇಕು. ಇದನ್ನು ಓದಿದಾಗ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಪತ್ರ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಮೂರನೇ ತರಗತಿಗೆ ಕೂಡುವ ಲೆಕ್ಕ ಹೇಳಿಕೊಟ್ಟೆ. ಕೋಪ ಈಗಲೂ ಬಂದಿಲ್ಲ. ಹಾಗಾಗಿ ಈ ಪತ್ರದಲ್ಲಿ ಬೈಗುಳ ಇರುವುದಿಲ್ಲ, ತಾವು ನಿಶ್ಚಿಂತೆಯಿಂದ ಓದಬಹುದು.

ನಾವು ಜವನಗೊಂಡನಹಳ್ಳಿ ಹೋಬಳಿಯವರು. ಅಪ್ಪನಿಗೆ ಎಪ್ಪತ್ತೊಂದು. ಹೋದ ವರ್ಷ ಲಕ್ವ ಹೊಡೆದು ಮಾತು ನಿಂತಿತು, ಬಲಗೈ ಸೋತಿತು. ಕಾಲು ಉಳಿಯಿತು. ನಾಲ್ಕು ತಿಂಗಳಲ್ಲಿ ಎದ್ದು ನಮ್ಮವ್ವ ಏಕನಾಥಮ್ಮನ ಜೊತೆ ಮತ್ತೆ ಹಿಂಡಿನ ಹಿಂದೆ ಹೊರಟರು. ಕಾಯಿಲೆ ಬಿದ್ದವರು ಚೀಟಿ ಹೊಸದು ಮಾಡಿಸಿಕೊಳ್ಳಬೇಕಾದರೆ ತಮ್ಮಲ್ಲಿ ಪರೀಕ್ಷೆ ಆಗಬೇಕೆಂಬ ನಿಯಮ ಬಂದದ್ದರಿಂದ ನಾನೇ ಅವರನ್ನು ಕರೆದುಕೊಂಡು ಬಂದೆ. ಟ್ಯಾಬ್ ಹಿಡಿದಿದ್ದ ಕಾವ್ಯ ಎಂಬ ಹುಡುಗಿ ಒಳ್ಳೆಯವಳು. "ಮಾತಾಡೋದೇನೂ ಬ್ಯಾಡ ಅಜ್ಜಾ, ಸರಿ ಕಂಡಿದ್ದನ್ನ ಬೆರಳಿಟ್ಟು ಮುಟ್ರಿ ಸಾಕು" ಎಂದಳು. ಗಡಿಯಾರ ಯಾವುದು, ಸೂರ್ಯ ಯಾವುದು ಎಂದು ಯಂತ್ರ ಕೇಳಿತು. ಅಪ್ಪ ಎಡಗೈಯಲ್ಲಿ ಸರಿಯಾಗಿಯೇ ಮುಟ್ಟಿದರು. ಆಮೇಲೆ ಹಸಿರು ಹುಲ್ಲಿನ ಮೇಲೆ ಏಳು ಬಿಳಿ ಕುರಿಗಳ ಚಿತ್ರ, ಕೆಳಗೆ ಅಂಕಿಗಳ ಸಾಲು ಬಂತು. ಚಿತ್ರದಲ್ಲಿ ಎಷ್ಟು ಕುರಿಗಳಿವೆ ಎಂದು ಯಂತ್ರ ಇಂಪಾದ ದನಿಯಲ್ಲಿ ಕೇಳಿತು. "ಅಜ್ಜ ಕುರಿ ಕಾಯೋರು ಅಂತ ಅದಕ್ಕೆ ಗೊತ್ತೈತೆ ಮೇಡಂ, ಅದಕ್ಕೇ ಅವ್ರಿಗೆ ಸಲೀಸಾಗ್ಲಿ ಅಂತ ಕುರೀನೇ ತೋರಿಸ್ತೈತೆ" ಎಂದು ಕಾವ್ಯ ಹೆಮ್ಮೆಯಿಂದ ವಿವರಿಸಿದಳು. ಅಪ್ಪ ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಯಂತ್ರ ಮೂರು ಸಲ ಕೇಳಿ, ಪಾಪ ಕಷ್ಟವಾಯಿತೇನೋ ಎಂದು ಐದು ಕುರಿ ತೋರಿಸಿತು, ಆಮೇಲೆ ಮೂರು. ಕೊನೆಗೆ ಒಂದೇ ಒಂದು ಕುರಿ ನಿಲ್ಲಿಸಿ ಎಷ್ಟು ಎಂದು ಕೇಳಿತು. ಅಪ್ಪ ಕಣ್ಣು ಬಿಡಲಿಲ್ಲ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಮಾನ್ಯರೇ, ನಮ್ಮ ಹಟ್ಟಿಯಲ್ಲಿ ಕುರಿ ಕಾಯುವವನು ಕುರಿ ಎಣಿಸುವುದಿಲ್ಲ. ವ್ಯಾಪಾರಿ ಎಣಿಸಲಿ, ಸರ್ಕಾರ ಎಣಿಸಲಿ, ಸಾಕಿದವನು ಎಣಿಸಬಾರದು. ಎಣಿಸಿದರೆ ದೃಷ್ಟಿಯಾಗಿ ಹಿಂಡು ಕರಗುತ್ತದೆಂದು ನಂಬಿಕೆ. ಎಷ್ಟು ಕುರಿ ಎಂದು ಯಾರಾದರೂ ಕೇಳಿದರೆ "ದೇವ್ರು ಕೊಟ್ಟಷ್ಟು" ಎನ್ನುತ್ತಾರೆ. ಅಪ್ಪನ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕುರಿಯ ಸಂಖ್ಯೆ ಕೇಳಿಲ್ಲ. ಅಂದು ಅವರಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ, ಅವರು ಉತ್ತರ ಕೊಡಲು ಒಪ್ಪಲಿಲ್ಲ. ಸ್ವತಂತ್ರ ನಿರ್ಧಾರ ಎಂದರೆ ಇನ್ನೇನು ಎಂದು ತಮ್ಮ ಯಂತ್ರವನ್ನು ದಯವಿಟ್ಟು ಕೇಳಿ ನೋಡಿ. ಗೊತ್ತಿಲ್ಲದವನ ಮೌನವನ್ನೂ ಒಲ್ಲೆ ಎನ್ನುವವನ ಮೌನವನ್ನೂ ಅದು ಒಂದೇ ಕಾಲಂನಲ್ಲಿ ತುಂಬಿಕೊಂಡಿದೆ.

ಆದರೆ ಯಂತ್ರಕ್ಕೆ ಇದು ಹೇಗೆ ಗೊತ್ತಾಗಬೇಕು? ಗೊತ್ತಿದ್ದವಳು ಪಕ್ಕದಲ್ಲಿ ಕುಳಿತಿದ್ದೆ. ಹಟ್ಟಿಯ ಈ ನಂಬಿಕೆಯನ್ನು ಅಲ್ಲಿ ಬಾಯಿಬಿಟ್ಟು ಹೇಳಿದರೆ ಗಣಿತ ಹೇಳಿಕೊಡುವ ಮೇಷ್ಟ್ರಮ್ಮನೇ ಹೀಗಾ ಎಂದು ನಕ್ಕಾರೆಂದು ನಾಚಿಕೆಯಾಯಿತು. "ಮುಟ್ಟಿಬಿಡಪ್ಪಾ, ಏಳು ಅವೆ" ಎಂದು ಕಿವಿಯಲ್ಲಿ ಪಿಸುಗುಟ್ಟಿದೆನೇ ಹೊರತು ಕಾವ್ಯಳಿಗೆ ಒಂದು ಮಾತು ಹೇಳಲಿಲ್ಲ. ಹದಿನಾಲ್ಕು ವರ್ಷದಿಂದ ನಾನೂ ಉತ್ತರ ಹೇಳದ ಮಕ್ಕಳ ಮುಂದೆ ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕುತ್ತಾ ಬಂದಿದ್ದೇನೆ. ಯಾಕೆ ಹೇಳುತ್ತಿಲ್ಲ ಎಂದು ಎಷ್ಟು ಮಕ್ಕಳನ್ನು ಕೇಳಿದ್ದೇನೋ ನೆನಪಿಲ್ಲ.

ಪ್ರಮಾಣಪತ್ರ ಬಂದ ವಾರಕ್ಕೆ ತಮ್ಮ ಸಿಬ್ಬಂದಿ ಗುರುರಾಜ್ ಅವರು ಹಿಂಡಿನ ಪಟ್ಟಿ ಮಾಡಲು ಹಟ್ಟಿಗೆ ಬಂದರು. ಅವರ ಫೋನಿನಲ್ಲಿ ತಮ್ಮ ಯಂತ್ರದ ತಮ್ಮನೊಬ್ಬನಿದ್ದ. ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಫೋನ್ ಹಿಡಿದರೆ ಸಾಕು, ಒಳಗೆ ಹೋಗುವ ಕುರಿಗಳನ್ನು ಎಣಿಸುತ್ತದೆ. ಅರವತ್ತನಾಲ್ಕು ಎಂದಿತು. ದಾಖಲೆಯಲ್ಲಿದ್ದದ್ದೂ ಅಷ್ಟೇ. ಗುರುರಾಜ್ ಖುಷಿಯಾದರು. ಆಗ ಅಪ್ಪ ಎದ್ದು ಹಿಂಡಿನೊಳಗೆ ನುಗ್ಗಿ ಎಡಗೈಯಲ್ಲಿ ಒಂದು ಕುರಿಯ ಕಾಲು ಹಿಡಿದೆಳೆದು ಆ ಆ ಎಂದು ಕೂಗತೊಡಗಿದರು. ಗುರುರಾಜ್ ಎರಡು ಹೆಜ್ಜೆ ಹಿಂದೆ ಸರಿದರು.

"ಅದು ನಮ್ದಲ್ಲ ಅಂತವ್ರೆ ಸ್ವಾಮಿ," ಎಂದಳು ಅವ್ವ. "ನಮ್ದೊಂದು ಎಲ್ಲೋ ತಪ್ಪಿಸ್ಕಂಡೈತೆ."

"ಲೆಕ್ಕ ಸರಿ ಐತಲ್ಲಮ್ಮ," ಎಂದರು ಗುರುರಾಜ್.

ಮರುದಿನ ಬೆಳಿಗ್ಗೆ ಪಕ್ಕದ ಹಟ್ಟಿಯ ಓಬಳೇಶ್ ನಮ್ಮ ಕುರಿಯನ್ನು ಹೊಡೆದುಕೊಂಡು ತನ್ನದನ್ನು ಹುಡುಕುತ್ತಾ ಬಂದ. ನೀರಿನ ತೊಟ್ಟಿಯ ಹತ್ತಿರ ಅದಲುಬದಲಾಗಿತ್ತು. ನಾನು ಗುರುರಾಜ್ ಅವರಿಗೆ ಫೋನ್ ಮಾಡಿ ತಿಳಿಸಿದೆ. "ಇದ್ರಲ್ಲಿ ತಿದ್ದೋಕೇನೂ ಇಲ್ಲ ಮೇಡಂ, ಎರಡೂ ಕಡೆ ಲೆಕ್ಕ ಸರಿಯಾಗೇ ಐತೆ" ಎಂದರು. ಅವರ ಮಾತು ಸುಳ್ಳಲ್ಲ. ಯಂತ್ರವೂ ತಪ್ಪಿರಲಿಲ್ಲ. ಅದು ಎಷ್ಟು ಎಂದು ನೋಡಿತು, ಅಪ್ಪ ಯಾವುದು ಎಂದು ನೋಡಿದರು. ಸಂಜೆ ಹಿಂಡು ಬಂದ ಮೇಲೆ ಅಪ್ಪ ಮರಿಗಳನ್ನು ಒಂದೊಂದಾಗಿ ಎತ್ತಿ ಅದರದರ ತಾಯಿಗೆ ಬಿಡುತ್ತಾರೆ. ಲಕ್ವ ಹೊಡೆದ ಮೇಲೂ ಒಂದು ಮರಿ ತಪ್ಪು ತಾಯಿಯ ಬಳಿ ಹೋಗಿದ್ದಿಲ್ಲ. ಇದು ಬುದ್ಧಿಯೋ ಅಲ್ಲವೋ? ಎರಡು ಬಗೆಯ ಬುದ್ಧಿ ಇರಬಹುದೆಂದು ಒಪ್ಪಿಕೊಳ್ಳುವಷ್ಟು ಜಾಗ ತಮ್ಮ ನಮೂನೆಯಲ್ಲಿ ಎಲ್ಲಾದರೂ ಇದೆಯೇ? ನಾನು ಹುಡುಕಿದೆ, ಷರಾ ಎಂಬ ಒಂದು ಗೆರೆ ಇತ್ತು. ಅದು ಖಾಲಿಯಿತ್ತು.

ಮೇಲ್ಮನವಿ ಹಾಕಿದೆ. ತಾವು ಉದಾರವಾಗಿ ಮರುಪರೀಕ್ಷೆಗೆ ಬರುವ ಬುಧವಾರದ ದಿನಾಂಕ ಕೊಟ್ಟಿರಿ. ಪ್ರಶ್ನೆಗಳು ಅವೇ ಇರುತ್ತವೆಂದು ಕಾವ್ಯ ಗುಟ್ಟಾಗಿ ತಿಳಿಸಿದಳು. ಹಾಗಾಗಿ ನಾನು ಮೇಷ್ಟ್ರಮ್ಮ ಮಾಡುವ ಕೆಲಸವನ್ನೇ ಮಾಡಿದೆ. ರಟ್ಟಿನ ಮೇಲೆ ಕುರಿಗಳ ಚಿತ್ರ ಅಂಟಿಸಿ, ಕೆಳಗೆ ಅಂಕಿ ಬರೆದು, ದಿನಾ ಸಂಜೆ ಅಪ್ಪನ ಮುಂದೆ ಹಿಡಿದೆ. ಮೂರು ದಿನ ಮುಖ ತಿರುಗಿಸಿದರು. "ಬಿಡೇ, ಅವ್ರನ್ಯಾಕೆ ಗೋಳು ಹುಯ್ಕಂತೀಯ" ಎಂದಳು ಅವ್ವ. ನಾನು ಬಿಡಲಿಲ್ಲ. ನಾಲ್ಕನೇ ದಿನ ಅವರ ಕಾಲ ಹತ್ತಿರ ಕುಳಿತು, "ಮುಟ್ಟಪ್ಪಾ, ಇಲ್ಲಾಂದ್ರೆ ಕುರಿ ಹೋಗ್ತವೆ" ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಏಳನ್ನು ಮುಟ್ಟಿದರು. ಮುಂದಿನ ರಟ್ಟಿನಲ್ಲಿ ಐದನ್ನು. ಅದರ ಮುಂದೆ ಮೂರನ್ನು. ಎಲ್ಲ ಸರಿಯಾಗಿತ್ತು. ನಾನು ಚಪ್ಪಾಳೆ ಹೊಡೆದೆ, ಅದು ನನಗೆ ಅಭ್ಯಾಸ.

ಆ ಸಂಜೆ ಅಪ್ಪ ರೊಪ್ಪದೊಳಗೆ ಹೋಗಲಿಲ್ಲ. ಮರುದಿನವೂ ಇಲ್ಲ. ಹಿಂಡು ಬರುವ ಹೊತ್ತಿಗೆ ಗೋಡೆ ಕಡೆ ತಿರುಗಿ ಕೂರುತ್ತಾರೆ. ಅವ್ವ ಒಂದು ಮರಿ ತಂದು ಮಡಿಲಲ್ಲಿ ಹಾಕಿದರೆ, ಎಣಿಸಿದ ಕೈಯನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡರು. ಅವರ ಕೈಯ ದೃಷ್ಟಿ ಮರಿಗೆ ತಾಗಬಾರದು. ಇಂದಿಗೆ ಒಂಬತ್ತು ದಿನ. ಮರಿಗಳನ್ನು ಅವ್ವನೂ ನಾನೂ ಬಿಡುತ್ತಿದ್ದೇವೆ. ನಿನ್ನೆ ಎರಡು ತಪ್ಪು ತಾಯಿಯ ಬಳಿ ಹೋಗಿ ಒದೆ ತಿಂದವು. ಅಳು ಬರಬೇಕಿತ್ತು, ಅದೂ ಬರಲಿಲ್ಲ.

ಮಾನ್ಯರೇ, ಬುಧವಾರ ಕರೆತಂದರೆ ನಮ್ಮಪ್ಪ ತಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ನನ್ನ ದೂರು ಅದೇ. ಆ ಮರುಪರೀಕ್ಷೆ ರದ್ದು ಮಾಡಿ. ಅದರ ಬದಲು ಯಾವುದಾದರೂ ಸಂಜೆ ತಾವೇ ನಮ್ಮ ಹಟ್ಟಿಗೆ ಬನ್ನಿ, ಯಂತ್ರವನ್ನೂ ತನ್ನಿ. ನಮ್ಮಪ್ಪನ ಎದುರು ನಿಂತು, ಆ ಪ್ರಶ್ನೆ ಕೇಳಿದ್ದು ಸರ್ಕಾರ, ಅಂಕಿ ಮುಟ್ಟಿಸಿದ್ದು ಮಗಳು, ಎಣಿಕೆಯ ದೋಷ ಅವರದಲ್ಲ ಎಂದು ಹೇಳಿ. ನನ್ನ ಮಾತನ್ನು ಅವರು ನಂಬುತ್ತಿಲ್ಲ. ಆಮೇಲೆ ಒಂದು ಮರಿಯನ್ನು ಅವರ ಕೈಗೆ ಕೊಡಿ. ಅವರು ಅದನ್ನು ತಾಯಿಯ ಬಳಿಗೆ ಒಯ್ದರೆ ಚೀಟಿ ಹಿಂದಿರುಗಿಸಿ. ಒಯ್ಯದೆ ಕೈ ಬಚ್ಚಿಟ್ಟುಕೊಂಡರೆ ಹಿಂಡನ್ನು ಅಂದೇ ಹೊಡೆದುಕೊಂಡು ಹೋಗಿ, ನಾನು ತಡೆಯುವುದಿಲ್ಲ.

ಇಂತಿ,
ಅಂದು ಉತ್ತರ ಗೊತ್ತಿದ್ದೂ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ
ದೇವಿಕಾ, ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕಿ
(ತಮ್ಮ ಪ್ರಮಾಣಪತ್ರದ ಪ್ರಕಾರ ಸಣ್ಣಪ್ಪನವರ ಪರವಾಗಿ ಬುದ್ಧಿ ಇರುವವಳು)