ಅಕ್ಕನ ಹೆಜ್ಜೆಯ ಅಳತೆ

ಮಂಗಳವಾರ, ಹದಿನಾಲ್ಕನೇ ತಾರೀಖು

ನನ್ನ ಅಕ್ಷರ ಕೋಳಿಕಾಲು, ಒತ್ತಕ್ಷರಗಳೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳನ್ನು ಈ ಪುಸ್ತಕವೇ ಕ್ಷಮಿಸಬೇಕು.

ಮನೆಮುಂದಿನ ಕೈತೋಟ ನೋಡಿದವರೆಲ್ಲ ಗೇಟಿನಲ್ಲೇ ನಿಂತುಬಿಡುತ್ತಾರೆ. ಹಿಂದೆ ಬಿಳಿ ಹೂವು, ಮುಂದೆ ಕೆಂಪು, ನಡುವೆ ಬಳುಕುತ್ತ ಬರುವ ಕಲ್ಲುದಾರಿ. ಗುಂಡಿ ತೋಡಿದ್ದು, ಗೊಬ್ಬರ ಹೊತ್ತಿದ್ದು ನಾನು. ಕಾಗದದ ಮೇಲೆ ಗೆರೆ ಎಳೆದವಳು ಅಕ್ಕ. ಹೊಗಳಿಕೆಯೆಲ್ಲ ಗೆರೆಗೇ, ಗುದ್ದಲಿಗಲ್ಲ.

ಅವಳ ತೋಟದಲ್ಲಿ ಒಂದಾದರೂ ಹುಳುಕು ಸಿಗಲಿ ಎಂದು ವಾರವಿಡೀ ಹುಡುಕಿದೆ. ಸಿಕ್ಕಿತು. ಅಕ್ಕ ತನ್ನ ಉದ್ದ ಕಾಲಿನ ಹೆಜ್ಜೆ ಅಳೆದು ಕಲ್ಲು ಹಾಕಿಸಿದ್ದಳು. ಮಂಡಿನೋವಿನ ಅಮ್ಮ ಎರಡನೇ ಕಲ್ಲಿಗೇ ನಿಂತು ವಾಪಸಾಗುತ್ತಿದ್ದಳು. ಅದನ್ನು ಕಂಡು ನನಗೆ ಒಳಗೊಳಗೇ ಖುಷಿಯಾಯಿತು. ಥೂ ನನ್ನ ಬುದ್ಧಿಗೆ!

ಇವತ್ತು ಸಂಜೆ ಅಮ್ಮ ಒಬ್ಬಳೇ ಗೇಟಿನವರೆಗೂ ನಡೆದಳು.

"ನೋಡೇ, ನನ್ನ ಮಂಡಿ ನೆನಪಿಟ್ಕೊಂಡು ಎಷ್ಟು ಹತ್ತಿರ ಹತ್ತಿರ ಹಾಕಿಸಿದಾಳೆ ನಿನ್ನಕ್ಕ! ನೀನೂ ಇದೀಯ, ಮಣ್ಣಲ್ಲಿ ಬಿದ್ದಿರೋ ಎರೆಹುಳ."

"ಅಷ್ಟೂ ಯೋಚ್ನೆ ಮಾಡ್ದೆ ಹಾಕಿಸ್ತೀನಾಮ್ಮ?" ಎಂದು ಅಕ್ಕ ನಕ್ಕಳು. ಬಗ್ಗಿ ನೋಡಲೂ ಇಲ್ಲ.

ಹೊಟ್ಟೆ ಇನ್ನೂ ಉರಿಯುತ್ತಿದೆ. ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಅಮ್ಮನಿಗಾಗಿ ಮಾಡಿದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಅಕ್ಕನ ಗೆರೆ ಕೆಡಿಸುವ ಆಸೆಯೂ ಇತ್ತಲ್ಲ.

ಇವತ್ತು ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಕಲ್ಲುಗಳನ್ನೆಲ್ಲ ಕಿತ್ತು, ಅಮ್ಮನ ಹಳೇ ಚಪ್ಪಲಿ ಇಟ್ಟು ಅಳೆದು, ಹತ್ತಿರಕ್ಕೆ ಕೂರಿಸಿದೆ. ಸಾಲದ್ದಕ್ಕೆ ಹಿತ್ತಲಿನಿಂದ ಎರಡು ಕಲ್ಲು ಹೊತ್ತು ತಂದೆ.