ಅಕ್ಷರ ತೊಳೆದ ನೀರು

ಹುಮನಾಬಾದ
೧೨ ಜೂನ್ ೧೯೩೮

ಜೀವದ ಗೆಳತಿ ಮೀರಾಗ, ನಿನ್ನ ಶೇವಂತಿ ಮಾಡುವ ನೆನಪುಗಳು.

ಕಲ್ಯಾಣದಾಗ ನಿನ್ನ ಹೆಣ್ಣುಮಕ್ಕಳ ಶಾಲಿ ಹ್ಯಾಂಗ ನಡದದ? ಮನಿ ಸುದ್ದಿ ಆಮ್ಯಾಲ ಬರೀತೇನಿ, ಮೊದಲ ಒಂದು ಕೆಲಸ ಅದ. ನನ್ನ ಶಾಲಿಯ ಮುಜ್ನಾ ಅನ್ನೋ ಹುಡುಗಿ ನಿನ್ನ ಶಾಲಿಗೆ ಬರತಾಳ. ಅರಬಸ್ತಾನದಿಂದ ಹಡಗು ಹತ್ತಿ ಬಂದ ಮನೆತನ. ಅವರಪ್ಪ ಪಹರೆದವರು, ಈಗ ನಿಮ್ಮೂರ ಕಿಲ್ಲೇಕ್ಕ ಬದಲಿ ಆಗ್ಯಾರ. ಅಲ್ಲಿ ಮೊದಲನೇ ದಿನಾನೇ ಮಗಳ ಮನಸ್ಸು ಮುರೀತಂದ್ರ ಮತ್ತ ಶಾಲಿ ಅನ್ನೂದೇ ಬ್ಯಾಡಂತ ಖಡಾಖಂಡಿತ ಹೇಳ್ಯಾರ. ಯಾಕಂದ್ರ ಇಲ್ಲಿ ಒಮ್ಮೆ ಮುರದಿತ್ತು. ಮುರದಾಕಿ ನಾನೇ.

ಹೋದ ವರ್ಷ ಆಕಿ ಬಂದ ದಿನ ಪಾಟಿ ಮ್ಯಾಲ 'ಅ' ಬರದಳು. ಸೊಟ್ಟಾಗಿತ್ತು. ನಮಗಿಬ್ಬರಿಗೂ ಕಲಿಸಿದ ಮಂಠಾಳದ ಪಂತೋಜಿಯವರು ಹಚ್ಚಿದ ಚಟ ನಿನಗ ಗೊತ್ತದಲ್ಲ, ಥೂ ಅಂತ ಪಾಟಿಗೆ ಉಗುಳಿ ಅಂಗೈಲೆ ಒರಸಿಬಿಟ್ಟೆ. ಹುಡುಗಿ ಮುಖ ಬಿಳಿಚಿತು. ಪಾಟಿ ಎದಿಗಿ ಅವಚಿಕೊಂಡು ಓಡಿದಾಕಿ ಮರುದಿನ ಬರಲಿಲ್ಲ. ನಾ ಏನೇನೋ ತಿಳಕೊಂಡೆ. ಕನ್ನಡ ಬ್ಯಾಡಾಗಿರಬೇಕು, ನಮ್ಮ ಹುಡುಗ್ಯಾರ ಬಾಜೂಕ ಕೂಡೂದು ಬ್ಯಾಡಾಗಿರಬೇಕು ಅಂತ. ಸಿಟ್ಟೂ ಬಂತು ಖರೇ, ಆದರ ಜೀವ ತಡೀಲಿಲ್ಲ, ಅವರ ಮನಿಗೆ ಹೋದೆ.

ಅಬ್ಬಾ, ಅಲ್ಲಿ ಕಂಡದ್ದು ನಿನಗ ಹ್ಯಾಂಗ ಹೇಳಲಿ! ಅಂಗಳದಾಗ ಮುಜ್ನಾ ಕಟ್ಟಿಗಿ ಹಲಗಿ ಹಿಡಕೊಂಡು ಕುಂತಿದ್ದಳು. ಹಲಗಿ ತುಂಬ ಮಸಿಲೆ ಬರದ ಅರಬಿ ಅಕ್ಷರ. ಅವರವ್ವ ಕೆಳಗೊಂದು ತಾಮ್ರದ ಬೋಗುಣಿ ಇಟ್ಟು, ಕೂಸಿಗಿ ಎರದಂಗ ಹಲಗಿಗಿ ನೀರೆರದರು. ಅಕ್ಷರೆಲ್ಲಾ ಕರಗಿ ಬೋಗುಣ್ಯಾಗ ಇಳದವು. ಮುಜ್ನಾ ಅದರಾಗಿಂದು ಒಂದು ಗುಟುಕು ಕುಡದಳು. ಉಳದದ್ದು ಯಾರ ಕಾಲೂ ತುಳೀಬಾರದಂತ ದಾಳಿಂಬರ ಗಿಡದ ಬುಡಕ್ಕ ಹಾಕಿದರು.

ಇದೇನಂತ ನಾ ಮುರುಕು ಉರ್ದುದಾಗ ಕೇಳಿದೆ. ಓದಿದ ಅಕ್ಷರ ಅಳಸೂದು ಹಿಂಗೇ ಅಂತ ಹುಡುಗಿ ಹೇಳಿದಳು. ನಿಮ್ಮ 'ಅ' ಭೀ ಅಕ್ಷರಾನೇ ಅಲ್ಲೇನ್ರಿ ಅಂತ ನನಗೇ ಕೇಳಿದಳು. ಖರೇನೇ ಅಲ್ಲೇನು, ಮೀರಾ? ಪುಸ್ತಕಕ್ಕ ಕಾಲು ತಾಕಿದರ ಕಣ್ಣಿಗಿ ಒತ್ತಿಕೊಳ್ಳೋ ನಾವು, ಪಾಟಿಗಿ ಮಾತ್ರ ಉಗುಳತೇವಲ್ಲ! ತಪ್ಪಾತ್ರಿ ಅಂತ ಅವರವ್ವನ ಕೈ ಹಿಡದೆ. ನಮ್ಮ ಹುಡುಗ್ಯಾರಿಗಿ ಹಿಂಗ ತೊಳೆಯೂದು ನೀವೇ ಬಂದು ಕಲಿಸ್ರಿ ಅಂತ ಬೇಡಿಕೊಂಡೆ.

ಬಂದರು. ಬೋಗುಣಿ ತಗೊಂಡೇ ಬಂದರು. ಗದ್ದಲಗೇಡಿ ಹುಡುಗ್ಯಾರೆಲ್ಲಾ ಉಸಿರು ಬಿಗಿ ಹಿಡಕೊಂಡು ಪಾಟಿ ತೊಳದರು, ನೀರು ದುಂಡುಮಲ್ಲಿಗಿಗಿ ಹಾಕಿದರು. ಆ ದಿನಾನೇ ಮುಜ್ನಾ ಮತ್ತ 'ಅ' ಬರದಳು.

ನೀ ದೊಡ್ಡದೇನೂ ಮಾಡಬ್ಯಾಡ. ಒಂದು ತಂಬಿಗಿ ನೀರು ಇಡು. ಅವರವ್ವನ್ನ ಚಾಪಿ ಹಾಸಿ ಕೂಡಸು. ತಿಳೀದಿದ್ದರ ಅವರಿಗೇ ಕೇಳು, ನನ್ನಂಗ ನೀನೇ ತಿಳಕೋಬ್ಯಾಡ.

ನಿನ್ನಾಕಿ,
ಶೇವಂತಾಬಾಯಿ

ತಾ.ಕ.: ಇದನ್ನ ಟಪಾಲಿಗಿ ಹಾಕಿಲ್ಲ. ನಿನ್ನ ಕೈಯಾಗ ಕೊಟ್ಟಾಕಿನೇ ಮುಜ್ನಾ. ಬೋಗುಣಿ ಬಗಲಾಗ ಇಟ್ಟುಕೊಂಡು, ನೀ ಓದೂದು ನೋಡಕೋತ ನಿಂತಾಳ. ಅವರವ್ವ ಬಾಗಿಲ ಹೊರಗ ಇದ್ದಾರ, ಎದ್ದು ಹೋಗಿ ಕರಿ. ಮತ್ತ, ಅಕ್ಷರ ಸಣ್ಣವಾಗ್ಯಾವ ಅಂತ ಬೈಬ್ಯಾಡ ಮಾರಾಯ್ತಿ. ಎಲ್ಲಾ ಹಾಳಿಯ ಒಂದೇ ಮಗ್ಗಲಿಗಿ ಹಿಡಿಸೀನಿ. ಹಾಳಿ ತಿರುವೂದು ಬಂತಂದ್ರ ನಿನ್ನ ಬೆರಳು ಬಾಯಿಗಿ ಹೋಗತದ, ಆಕಿ ನೋಡತಾಳ.